ಗಣಿಯ ಮೌನವೂ ಎಣಿಕೆಯ ವಿದ್ಯೆಯೂ

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿನಲ್ಲಿ ಒಮ್ಮೆ ಪ್ರಯಾಣ ಮಾಡಿದವರಿಗೆ ಕೋಲಾರ ಚಿನ್ನದ ಗಣಿ ಪ್ರದೇಶದ ಇಂದಿನ ಬಾಳು ಎಂಥದೆಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನ ಬುತ್ತಿಯ ಡಬ್ಬಿಗಳೊಡನೆ ಏರುತ್ತಾರೆ. ಬಂಗಾರಪೇಟೆಯನ್ನು ತಲಪುವ ಹೊತ್ತಿಗೆ ನಿಲ್ಲಲೂ ಎಡೆಯಿರುವುದಿಲ್ಲ. ಅಲ್ಲಿಂದ ಸುಮಾರು 70 ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ, ದುಡಿದು, ಕತ್ತಲಾದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಈ ರೈಲೇ ಅನೇಕ ಮನೆಗಳ ಜೀವನಾಧಾರವಾಗಿದೆ.

ಇಂಥ ಒಂದು ಬೆಳಗ್ಗೆ ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಆಕೆ ಬಿ.ಎಸ್‌ಸಿ. ಮೊದಲನೆಯ ವರ್ಷದವಳು. ಅಜ್ಜ ಗಣಿಯೊಳಗೆ ಇಳಿದು ದುಡಿದವರು. ತಂದೆ ಇದೇ ರೈಲಿನ ನಿತ್ಯಪ್ರಯಾಣಿಕರು. “ಸರ್, ಭೌತವಿಜ್ಞಾನದಿಂದ ಕೆಲಸ ಸಿಗುವುದಿಲ್ಲ, ಅದನ್ನು ಬಿಟ್ಟು ದತ್ತಾಂಶ ವಿಜ್ಞಾನವನ್ನೇ ಓದು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಬಿಡಬೇಕೆ? ಅಥವಾ ಅದನ್ನು ಮೈನರ್ ವಿಷಯವಾಗಿ ತೆಗೆದುಕೊಂಡರೆ ಸಾಕೆ?” ಎಂದಳು. ಒಂದು ಮನೆಯ ಮೂರು ವರ್ಷದ ಖರ್ಚೂ ಒಬ್ಬ ಹುಡುಗಿಯ ಮುಂದಿನ ಬದುಕೂ ಆ ಪ್ರಶ್ನೆಯಲ್ಲಿ ಅಡಗಿದ್ದವು. ಆದುದರಿಂದ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಧೈರ್ಯವಾಗಲಿಲ್ಲ. ಆದರೆ ಉತ್ತರಕ್ಕೆ ಬೇಕಾದ ಸಾಮಗ್ರಿ ನಾವು ಕುಳಿತಿದ್ದ ರೈಲು ಹೊರಟುಬಂದ ಊರಿನ ನೆಲದೊಳಗೇ ಇದೆ ಎಂಬುದು ಹೊಳೆಯಿತು. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಹೆಸರು ಹೊಸದು, ಬೇರು ಹಳೆಯದು

ಅಳತೆ, ಎಣಿಕೆ, ವೀಕ್ಷಣೆಗಳಿಂದ ದೊರೆತ ಅಂಕಿ ಅಂಶಗಳಿಗೆ ದತ್ತಾಂಶ ಎಂದು ಹೆಸರು. ಆಸ್ಪತ್ರೆಯ ದಾಖಲೆ, ಮಳೆಮಾಪಕದ ಪಟ್ಟಿ, ಕೋಲಾರದ ಮಾರುಕಟ್ಟೆಗೆ ದಿನದಿನವೂ ಬರುವ ಟೊಮ್ಯಾಟೊ ಪೆಟ್ಟಿಗೆಗಳ ಲೆಕ್ಕ, ನಮ್ಮ ಕೈಯಲ್ಲಿರುವ ಮೊಬೈಲು ಕ್ಷಣಕ್ಷಣವೂ ಬಿಟ್ಟುಹೋಗುವ ಗುರುತು, ಇವೆಲ್ಲವೂ ದತ್ತಾಂಶಗಳೇ. ಇವುಗಳನ್ನು ಕ್ರಮವಾಗಿ ಸಂಗ್ರಹಿಸಿ, ತಪ್ಪುಗಳನ್ನು ಸೋಸಿ, ಅವುಗಳಿಂದ ನಂಬಲು ತಕ್ಕ ತೀರ್ಮಾನವನ್ನು ಪಡೆಯುವುದೂ, ಆ ತೀರ್ಮಾನವನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಹೇಳುವುದೂ ದತ್ತಾಂಶ ವಿಜ್ಞಾನದ ಕೆಲಸ. 1962ರಲ್ಲಿ ಅಮೆರಿಕದ ಜಾನ್ ಟ್ಯೂಕಿ ಎಂಬ ಗಣಿತಜ್ಞನು, ದತ್ತಾಂಶಗಳ ವಿಶ್ಲೇಷಣೆಯನ್ನು ಗಣಿತದ ಒಂದು ಉಪಶಾಖೆಯೆಂದಲ್ಲದೆ ಸ್ವತಂತ್ರವಾದೊಂದು ವಿಜ್ಞಾನವೆಂದೇ ಎಣಿಸಬೇಕೆಂದು ವಾದಿಸಿದನು. ಗಣಕಯಂತ್ರಗಳು ಅಗ್ಗವಾಗಿ ಮನೆಮನೆಗೂ ಬಂದ ಮೇಲೆ ಆ ಮಾತಿಗೆ ಬಲ ಬಂದಿತು.

ಈ ಶಾಸ್ತ್ರಕ್ಕೆ ಮೂರು ಕಾಲುಗಳು: ಒಂದು ಸಂಖ್ಯಾಶಾಸ್ತ್ರ, ಎರಡು ಗಣಕಯಂತ್ರದ ಬಳಕೆ, ಮೂರು ಅಂಕಿಗಳು ಯಾವ ವಿಷಯದವೋ ಆ ವಿಷಯದ ಜ್ಞಾನ. ಮೊದಲಿನ ಎರಡನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ. ಮೂರನೆಯದನ್ನು ಮರೆಯುವವರೇ ಹೆಚ್ಚು. ಮೂರನೆಯ ಕಾಲಿಲ್ಲದ ಮುಕ್ಕಾಲಿಯ ಮೇಲೆ ಯಾರೂ ಕುಳಿತುಕೊಳ್ಳಲಾರರಷ್ಟೆ.

ಎರಡು ತಿಂಗಳ ಮೌನ

ಆಕಾಶದಿಂದ ಬರುವ ವಿಶ್ವಕಿರಣಗಳು ಭೂಮಿಯ ವಾಯುಮಂಡಲವನ್ನು ಹೊಕ್ಕಾಗ ಮ್ಯುಆನ್ ಎಂಬ ಕಣಗಳು ಹುಟ್ಟುತ್ತವೆ. ನೀವು ಅಂಗೈಯನ್ನು ಬಿಡಿಸಿ ಹಿಡಿದರೆ ಸರಾಸರಿ ಸೆಕೆಂಡಿಗೆ ಸುಮಾರು ಒಂದರಂತೆ ಮ್ಯುಆನುಗಳು ಅದರ ಮೂಲಕ ಹಾಯ್ದು ಹೋಗುತ್ತವೆ. ಈ ಕಣಗಳು ಬಂಡೆಯನ್ನೂ ಭೇದಿಸಬಲ್ಲವು. ಆದರೆ ಆಳಕ್ಕೆ ಹೋದಂತೆಲ್ಲ ಅವುಗಳ ಸಂಖ್ಯೆ ಕುಗ್ಗುತ್ತದೆ. ಎಷ್ಟು ಆಳದಲ್ಲಿ ಎಷ್ಟು ಕುಗ್ಗುತ್ತದೆಂಬುದನ್ನು ಅಳೆಯಲು ಬಹಳ ಆಳವಾದ ಗಣಿಯೊಂದು ಬೇಕು. ಚಾಂಪಿಯನ್ ರೀಫ್ ಗಣಿಯಾದರೋ 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಹೋಮಿ ಭಾಭಾ ಅವರ ಪ್ರೇರಣೆಯಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಇಲ್ಲಿಯ ಗಣಿಯಲ್ಲಿ ಉಪಕರಣಗಳನ್ನಿಟ್ಟು ಈ ಎಣಿಕೆಯನ್ನು ಪ್ರಾರಂಭಿಸಿದರು.

1960ರ ದಶಕದ ಆರಂಭದಲ್ಲಿ ಜಪಾನಿನ ಮಿಯಾಕೆ, ನಮ್ಮವರಾದ ನರಸಿಂಹಮ್ ಮತ್ತು ರಮಣಮೂರ್ತಿ ಇವರು ಮತ್ತಷ್ಟು ಆಳಕ್ಕೆ ಹೋದರು. ಒಂದೊಂದು ಮಟ್ಟದಲ್ಲಿಯೂ ಎಣಿಕೆ ಕಡಿಮೆಯಾಗುತ್ತ ಬಂದಿತು. ಸುಮಾರು 2,760 ಮೀಟರು ಆಳದ ಕೊನೆಯ ಮಟ್ಟದಲ್ಲಿ ಎರಡು ತಿಂಗಳಷ್ಟು ಕಾಲ ಕಾದರೂ ಒಂದು ಮ್ಯುಆನು ಕೂಡ ದಾಖಲಾಗಲಿಲ್ಲ.

ಇದನ್ನು ಕೇಳಿದ ಸಾಮಾನ್ಯರು, “ಹಾಗಾದರೆ ಪ್ರಯೋಗ ವ್ಯರ್ಥವಾಯಿತು” ಎನ್ನಬಹುದು. ಎಣಿಕೆಯ ವಿದ್ಯೆಯನ್ನು ಬಲ್ಲವನು ಹಾಗೆನ್ನುವುದಿಲ್ಲ. ಅವನು ಕೇಳುವ ಪ್ರಶ್ನೆ ಬೇರೆ: ಎರಡು ತಿಂಗಳು ಏನೂ ಬಾರದಿದ್ದರೆ, ಕಣಗಳು ಬರುವ ನಿಜವಾದ ವೇಗ ಹೆಚ್ಚೆಂದರೆ ಎಷ್ಟಿದ್ದೀತು?

ಲೆಕ್ಕದ ಸೌಕರ್ಯಕ್ಕಾಗಿ 60 ದಿನಗಳೆಂದು ಇಟ್ಟುಕೊಳ್ಳೋಣ. ಸರಾಸರಿ 10 ದಿನಕ್ಕೊಂದು ಕಣ ಬರುವುದಾದರೆ, ಒಂದು ದಿನ ಬರದೆ ಇರುವ ಸಂಭವ ಸುಮಾರು 10ಕ್ಕೆ 9. ಅರವತ್ತು ದಿನಗಳೂ ಬಾರದಿರುವ ಸಂಭವವನ್ನು ತಿಳಿಯಲು 0.9 ಎಂಬುದನ್ನು ಅರವತ್ತು ಸಲ ಗುಣಿಸಬೇಕು. ಉತ್ತರ 1,000ಕ್ಕೆ ಸುಮಾರು 2. ಅಂದರೆ ಅಂಥ ಮೌನ ಬಹು ಅಪೂರ್ವ. ಆದುದರಿಂದ 10 ದಿನಕ್ಕೊಂದು ಎಂಬ ಊಹೆಯನ್ನು ನಾವು ತಳ್ಳಿಹಾಕಬಹುದು. 20 ದಿನಕ್ಕೊಂದು ಎಂದು ಊಹಿಸಿ 0.95ನ್ನು ಅರವತ್ತು ಸಲ ಗುಣಿಸಿದರೆ 100ಕ್ಕೆ ಸುಮಾರು 5 ಬರುತ್ತದೆ. ಇದು ಗಡಿ. 60 ದಿನಕ್ಕೊಂದು ಎಂದು ಊಹಿಸಿದರೆ ಉತ್ತರ 100ಕ್ಕೆ ಸುಮಾರು 36. ಇದನ್ನು ತಳ್ಳಿಹಾಕಲು ನಮಗೆ ಆಧಾರವಿಲ್ಲ. ಆದುದರಿಂದ, “ವೇಗವು 20 ದಿನಕ್ಕೊಂದಕ್ಕಿಂತ ಕಡಿಮೆಯೆಂದು 100ಕ್ಕೆ 95ರಷ್ಟು ಭರವಸೆಯಿಂದ ಹೇಳಬಹುದು” ಎಂಬುದು ನಮ್ಮ ತೀರ್ಮಾನ. ಸೊನ್ನೆಯಿಂದಲೂ ಜ್ಞಾನ ಹುಟ್ಟಿತು. ಏನೂ ಕಾಣದಿದ್ದಾಗ “ಮೂರಕ್ಕಿಂತ ಕಡಿಮೆ” ಎಂದು ಹೇಳುವ ಈ ಸೂತ್ರವನ್ನು ಇಂದು ಹೊಸ ಔಷಧಗಳ ಪರೀಕ್ಷೆಯಲ್ಲಿಯೂ ಬಳಸುತ್ತಾರೆ: 60 ರೋಗಿಗಳಿಗೆ ಕೊಟ್ಟಾಗ ಯಾರಿಗೂ ಅಪಾಯವಾಗಲಿಲ್ಲವೆಂದರೆ ಅಪಾಯವೇ ಇಲ್ಲವೆಂದು ಅರ್ಥವಲ್ಲ, 60ಕ್ಕೆ 3ರಷ್ಟು, ಎಂದರೆ 20ಕ್ಕೆ ಒಬ್ಬರಷ್ಟು ಅಪಾಯ ಇನ್ನೂ ಅಡಗಿರಬಹುದು.

ಒಂದು ಮಾತನ್ನು ಮರೆಯಬಾರದು. ಅದೇ ಬಗೆಯ ಉಪಕರಣಗಳು ಕಡಿಮೆ ಆಳದಲ್ಲಿ ಕಣಗಳನ್ನು ಎಣಿಸಿದ್ದುವು. ಎಣಿಸಬಲ್ಲ ಉಪಕರಣವು ಸೊನ್ನೆ ಎಂದಾಗ ಮಾತ್ರ ಅದು ಸೊನ್ನೆ. ಕೆಟ್ಟು ನಿಂತ ಉಪಕರಣದ ಮೌನಕ್ಕೆ ಅರ್ಥವಿಲ್ಲ.

ಮೌನದಿಂದ ಬಂದ ಫಲ

ಮೇಲಿನಿಂದ ಬರುವ ಮ್ಯುಆನುಗಳು ಇಷ್ಟು ವಿರಳವಾದ ಸ್ಥಳ ಜಗತ್ತಿನಲ್ಲಿ ಬಹಳ ಇಲ್ಲ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣವು ಇಡೀ ಭೂಮಿಯನ್ನೇ ಹಾಯ್ದುಹೋಗಬಲ್ಲದು. ಅಪರೂಪಕ್ಕೆ ಒಮ್ಮೆ ಬಂಡೆಯೊಡನೆ ಪ್ರತಿಕ್ರಿಯಿಸಿ ಒಂದು ಮ್ಯುಆನನ್ನು ಹುಟ್ಟಿಸುತ್ತದೆ. ಗದ್ದಲದ ಸಂತೆಯಲ್ಲಿ ಪಿಸುಮಾತು ಕೇಳಿಸದು. ನಿಶ್ಶಬ್ದವಾದ ಕೋಣೆಯಲ್ಲಿ ಕೇಳಿಸುತ್ತದೆ. ಚಾಂಪಿಯನ್ ರೀಫ್ ಗಣಿ ಅಂಥ ಕೋಣೆಯಾಗಿತ್ತು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯ ಇವುಗಳ ವಿಜ್ಞಾನಿಗಳು ಸುಮಾರು 2.3 ಕಿಲೋಮೀಟರು ಆಳದಲ್ಲಿ ಉಪಕರಣಗಳನ್ನು ಸ್ಥಾಪಿಸಿ, 1965ರಲ್ಲಿ ಅಡ್ಡಡ್ಡಲಾಗಿ ಹಾಯುವ ಮ್ಯುಆನುಗಳನ್ನು ಕಂಡರು. ಅಡ್ಡಲಾಗಿ ಬರಬೇಕಾದರೆ ವಾಯುಮಂಡಲದ ಮ್ಯುಆನು ಅನೇಕ ಕಿಲೋಮೀಟರು ಬಂಡೆಯನ್ನು ಕೊರೆದು ಬರಬೇಕು, ಅದು ಸಾಧ್ಯವಿಲ್ಲ. ಆದುದರಿಂದ ಅವು ಹತ್ತಿರದ ಬಂಡೆಯಲ್ಲಿ ನ್ಯೂಟ್ರಿನೊಗಳಿಂದಲೇ ಹುಟ್ಟಿದವು. ವಾಯುಮಂಡಲದ ನ್ಯೂಟ್ರಿನೊವನ್ನು ಮನುಷ್ಯ ಗುರುತಿಸಿದ್ದು ಅದೇ ಮೊದಲು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಅದೇ ವರ್ಷ ಇದನ್ನು ಕಂಡಿತು.

ಇಲ್ಲಿ ಗಮನಿಸಬೇಕಾದುದೇನು? ಉಪಕರಣ ದಾಖಲಿಸಿದ್ದು ಕೇವಲ ಕೆಲವು ಗುರುತುಗಳನ್ನು. “ಅಡ್ಡಲಾಗಿ ಬಂದದ್ದು ಬೇರೆ, ಮೇಲಿನಿಂದ ಬಂದದ್ದು ಬೇರೆ” ಎಂದು ವಿಂಗಡಿಸುವ ಬುದ್ಧಿ ಅಂಕಿಗಳಲ್ಲಿರಲಿಲ್ಲ. ಅದು ಭೌತವಿಜ್ಞಾನದಿಂದ ಬಂದಿತು.

ಇದೇ ಗಣಿಯ ಇನ್ನೊಂದು ಕಥೆ ಎಚ್ಚರಿಕೆಯ ಪಾಠವನ್ನು ಹೇಳುತ್ತದೆ. ಪ್ರೋಟಾನು ಶಾಶ್ವತವಲ್ಲ, ಬಹು ದೀರ್ಘ ಕಾಲದ ಮೇಲೆ ಅದೂ ಒಡೆಯುತ್ತದೆ ಎಂಬ ಸಿದ್ಧಾಂತವನ್ನು ಪರೀಕ್ಷಿಸಲು 1980ರ ಕೊನೆಗೆ ಇಲ್ಲಿ 140 ಟನ್ ತೂಕದ ಉಪಕರಣವನ್ನು ಸ್ಥಾಪಿಸಿದರು. 140 ಟನ್ ವಸ್ತುವಿನಲ್ಲಿ ಪ್ರೋಟಾನು ಮತ್ತು ನ್ಯೂಟ್ರಾನುಗಳು ಒಟ್ಟು 8ರ ಮುಂದೆ 31 ಸೊನ್ನೆಗಳಷ್ಟಿವೆ. ಅವುಗಳ ಸರಾಸರಿ ಆಯುಸ್ಸು 1ರ ಮುಂದೆ 31 ಸೊನ್ನೆಗಳಷ್ಟು ವರ್ಷವೆಂದುಕೊಂಡರೆ, ವರ್ಷಕ್ಕೆ ಸುಮಾರು 8 ಮಾತ್ರ ಒಡೆಯುತ್ತವೆ. ಮೊದಲ ವರ್ಷಗಳಲ್ಲಿ ಕೆಲವೇ ಕೆಲವು ಘಟನೆಗಳು ಪ್ರೋಟಾನಿನ ಒಡೆತದಂತೆ ತೋರಿದುವು. ವಿಜ್ಞಾನಿಗಳು ಅವನ್ನು ಪ್ರಪಂಚದ ಮುಂದಿಟ್ಟರು. ಆದರೆ ಅಮೆರಿಕ ಮತ್ತು ಜಪಾನುಗಳಲ್ಲಿ ಇದಕ್ಕಿಂತ ಎಷ್ಟೋ ದೊಡ್ಡದಾದ ಉಪಕರಣಗಳು ಅಂಥದನ್ನು ಕಾಣಲಿಲ್ಲ. ಜಪಾನಿನ ಸೂಪರ್ ಕಾಮಿಯೋಕಾಂಡೆ ಪ್ರಯೋಗದ ಪ್ರಕಾರ ಒಂದು ಮುಖ್ಯ ಬಗೆಯ ಒಡೆತಕ್ಕೆ ಬೇಕಾದ ಆಯುಸ್ಸು 1ರ ಮುಂದೆ 34 ಸೊನ್ನೆಗಳಿಗಿಂತಲೂ ಹೆಚ್ಚು. ನ್ಯೂಟ್ರಿನೊವೇ ಉಪಕರಣದೊಳಗೆ ಪ್ರತಿಕ್ರಿಯಿಸಿ ಪ್ರೋಟಾನಿನ ಒಡೆತವನ್ನು ಅಣಕಿಸಬಲ್ಲದು ಎಂಬುದೇ ಇಲ್ಲಿಯ ಕಷ್ಟ. ಘಟನೆಗಳು ಎಣಿಕೆಯಲ್ಲಿ ಕಡಿಮೆಯಿದ್ದಾಗ, ಅಣಕವೆಷ್ಟು, ನಿಜವೆಷ್ಟು ಎಂದು ತೂಗುವುದೇ ದತ್ತಾಂಶ ವಿಜ್ಞಾನದ ಅತಿ ಕಠಿಣವಾದ ಕೆಲಸ. ಅಣಕಿಸಬಲ್ಲ ವಸ್ತು ಯಾವುದೆಂದು ತಿಳಿಯದವನು ಎಂಥ ಗಣಕಯಂತ್ರವನ್ನಿಟ್ಟುಕೊಂಡೂ ಈ ತೂಕವನ್ನು ಮಾಡಲಾರನು.

ನೂರಕ್ಕೆ ತೊಂಬತ್ತೊಂಬತ್ತು ಸರಿ, ಆದರೂ ನಿಷ್ಪ್ರಯೋಜಕ

ಈ ಊರಿನ ಹಿರಿಯರನ್ನು ಕೇಳಿ. ಬಂಡೆಸಿಡಿತದ ಭಯವೇನೆಂದು ಅವರು ಹೇಳುತ್ತಾರೆ. ಅಗಾಧವಾದ ಒತ್ತಡಕ್ಕೆ ಸಿಕ್ಕಿದ ಆಳದ ಬಂಡೆ ಹಠಾತ್ತನೆ ಸಿಡಿದು ಅನೇಕರ ಪ್ರಾಣವನ್ನು ತೆಗೆದುಕೊಂಡಿದೆ. ಸಿಡಿತಕ್ಕೆ ಮುಂಚೆ ಬಂಡೆ ಸಣ್ಣಸಣ್ಣ ಬಿರುಕುಗಳ ಮೂಲಕ ನರಳುವುದುಂಟು. ಆ ಕಂಪನಗಳನ್ನು ಕೇಳುವ ಉಪಕರಣಗಳನ್ನು ಹಲವು ಕಡೆ ಇಟ್ಟು, ಒಂದೊಂದಕ್ಕೆ ಅಲೆ ತಲಪಿದ ಕಾಲವನ್ನು ಹೋಲಿಸಿದರೆ ಬಿರುಕಿನ ಸ್ಥಾನ ಗೊತ್ತಾಗುತ್ತದೆ. ಗಟ್ಟಿಯಾದ ಬಂಡೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರು. ಸೆಕೆಂಡಿನ ಹತ್ತರಲ್ಲೊಂದು ಭಾಗದ ವ್ಯತ್ಯಾಸವೆಂದರೆ 600 ಮೀಟರಿನ ವ್ಯತ್ಯಾಸ. ಇಂಥ ಅಧ್ಯಯನಗಳಿಗಾಗಿಯೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯು ಈ ಊರಿನಲ್ಲಿ ಹುಟ್ಟಿತು.

ಈಗ ಯಾರಾದರೂ ಗಣಕಯಂತ್ರಕ್ಕೆ ಈ ಕಂಪನಗಳನ್ನು ಕಲಿಸಿ, ಸಿಡಿತವನ್ನು ಮುಂಚಿತವಾಗಿ ತಿಳಿಸುವ ವಿಧಾನವನ್ನು ರಚಿಸಿದರೆಂದು ಕಲ್ಪಿಸೋಣ. 1,000 ಪಾಳಿಗಳಲ್ಲಿ 10ರಲ್ಲಿ ಸಿಡಿತವಾಗುತ್ತದೆ ಎಂದಿಟ್ಟುಕೊಳ್ಳಿ. ಮೊದಲನೆಯ ಯಂತ್ರ ಪ್ರತಿದಿನವೂ “ಇಂದು ಸಿಡಿತವಿಲ್ಲ” ಎಂದೇ ಹೇಳುತ್ತದೆ. ಅದು 990 ಸಲ ಸರಿ. ನೂರಕ್ಕೆ 99 ಅಂಕ! ಆದರೆ ಒಬ್ಬ ಕಾರ್ಮಿಕನನ್ನೂ ಅದು ಉಳಿಸಲಿಲ್ಲ. ಎರಡನೆಯ ಯಂತ್ರ 10 ಸಿಡಿತಗಳಲ್ಲಿ 8ನ್ನು ಮುಂಚೆಯೇ ಹೇಳುತ್ತದೆ. ಆದರೆ 40 ಸಲ ಸುಳ್ಳು ಎಚ್ಚರಿಕೆ ಕೊಡುತ್ತದೆ. ಅದು ಸರಿಯಾದದ್ದು 958 ಸಲ; ಅಂಕ 96ಕ್ಕಿಂತ ಕಡಿಮೆ. ಯಾವುದು ಮೇಲು? ಗಣಿಯಲ್ಲಿ ಗಂಡನೋ ತಂದೆಯೋ ಇರುವವರನ್ನು ಕೇಳಿದರೆ ಉತ್ತರಕ್ಕೆ ತಡವಾಗದು.

ಆದರೂ ಎರಡನೆಯ ಯಂತ್ರದ 48 ಎಚ್ಚರಿಕೆಗಳಲ್ಲಿ ನಿಜವಾದವು 8 ಮಾತ್ರ, ಆರಕ್ಕೆ ಒಂದು. ಹೀಗೆ ಐದು ಸಲ ಸುಳ್ಳಾದರೆ ಆರನೆಯ ಸಲ ಜನ ಅದನ್ನು ಲೆಕ್ಕಿಸುವರೇ? ಪಾಳಿಯನ್ನು ನಿಲ್ಲಿಸಿದ ದಿನದ ಕೂಲಿಯನ್ನು ಕೊಡುವವರು ಯಾರು? ಈ ಪ್ರಶ್ನೆಗಳಿಗೆ ಯಂತ್ರದಲ್ಲಿ ಉತ್ತರವಿಲ್ಲ. ಕ್ಯಾನ್ಸರಿನ ಪರೀಕ್ಷೆಯಲ್ಲಿಯೂ, ಬ್ಯಾಂಕಿನ ಮೋಸವನ್ನು ಹಿಡಿಯುವುದರಲ್ಲಿಯೂ ಇದೇ ಲೆಕ್ಕ, ಇದೇ ಕಷ್ಟ. “ಎಷ್ಟು ಸಲ ಸರಿ?” ಎಂದಷ್ಟೇ ಕೇಳದೆ, “ಯಾವ ತಪ್ಪು, ಯಾರಿಗೆ, ಎಷ್ಟು ದುಬಾರಿ?” ಎಂದು ಕೇಳುವ ಅಭ್ಯಾಸವನ್ನು ಕೊಡದ ದತ್ತಾಂಶ ಶಿಕ್ಷಣ ಅರೆಶಿಕ್ಷಣವೇ ಸರಿ.

ಕೆರೆಯ ನೀರು ಮತ್ತು ಮಳೆಯ ನೀರು

ಇನ್ನೊಂದು ಉದಾಹರಣೆ ಕೋಲಾರ ಜಿಲ್ಲೆಯ ಎಲ್ಲರಿಗೂ ಪರಿಚಿತವಾದುದು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳನ್ನು ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ತುಂಬಿದ ಕೆರೆಯ ಬಳಿಯ ಕೊಳವೆಬಾವಿಯಲ್ಲಿ ನೀರು ಮೇಲೆ ಬಂದರೆ, ಅದು ಯೋಜನೆಯ ಫಲವೆಂದು ತಟ್ಟನೆ ಹೇಳಬಹುದೆ? ಹೇಳಲಾಗದು. ನಡುವೆ 2021ರಂಥ ಭಾರಿ ಮಳೆಯ ವರ್ಷವೂ ಬಂದುಹೋಗಿದೆ. ಎರಡು ಕಾರಣಗಳು ಒಟ್ಟಿಗೆ ಬಂದಾಗ ಫಲವನ್ನು ಒಂದಕ್ಕೇ ಸಲ್ಲಿಸುವುದು ಅನ್ಯಾಯ.

ದಾರಿ ಇದೆ. ತುಂಬಿಸಿದ ಕೆರೆಗಳ ಬಳಿಯ ಬಾವಿಗಳನ್ನೂ, ಅಷ್ಟೇ ಮಳೆ ಬಿದ್ದರೂ ಯೋಜನೆಯ ನೀರು ತಲಪದ ಕೆರೆಗಳ ಬಳಿಯ ಬಾವಿಗಳನ್ನೂ ಹೋಲಿಸಬೇಕು. ಮೊದಲಿನವುಗಳಲ್ಲಿ ನೀರು 20 ಅಡಿ, ಎರಡನೆಯವುಗಳಲ್ಲಿ 15 ಅಡಿ ಏರಿದೆ ಎಂದು ಭಾವಿಸಿ. ಈ ಅಂಕಿಗಳು ಕಲ್ಪಿತ. ಮಳೆಯ ಪಾಲು 15 ಅಡಿ. ಯೋಜನೆಯ ಪಾಲು 5 ಅಡಿ ಎಂದು ಊಹಿಸಬಹುದು. ಆದರೆ ಎರಡು ಕಡೆಯ ಬಂಡೆಯೂ, ಬೇಸಾಯದ ಬಳಕೆಯೂ ಒಂದೇ ಬಗೆಯದೆ? ಭೂವಿಜ್ಞಾನ ಬಲ್ಲವನೇ ಇದನ್ನು ಹೇಳಬೇಕು. ಅಲ್ಲದೆ, ನೀರಿನ ಮಟ್ಟವನ್ನು ಮಾತ್ರ ಅಳೆದರೆ ನೀರಿನ ಗುಣ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಅದನ್ನು ರಸಾಯನವಿಜ್ಞಾನದವನು ಕೇಳಬೇಕು. ನಾವು ಅಳೆಯದಿದ್ದುದರ ವಿಷಯದಲ್ಲಿ ದತ್ತಾಂಶ ಮೂಕವಾಗಿರುತ್ತದೆ.

ಮೈನರ್ ಎಂದರೆ ಎಷ್ಟು?

ಇನ್ನು ವಿಶ್ವವಿದ್ಯಾನಿಲಯದ ವ್ಯವಸ್ಥೆಗೆ ಬರೋಣ. ವಿದ್ಯಾರ್ಥಿಯು ಮುಖ್ಯವಾಗಿ ಅಭ್ಯಾಸ ಮಾಡುವ ವಿಷಯ ಮೇಜರ್. ಅದಕ್ಕೆ ಜೊತೆಯಾಗಿ, ಕ್ರಮಬದ್ಧವಾಗಿ, ಆದರೆ ಕಡಿಮೆ ಪ್ರಮಾಣದಲ್ಲಿ ಓದುವುದು ಮೈನರ್. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್‌ಗಳು. ಅವುಗಳಲ್ಲಿ ಮೇಜರಿಗೆ 60, ಮೈನರಿಗೆ 24. ಒಂದು ಕ್ರೆಡಿಟ್ ಎಂದರೆ ಒಂದು ಸೆಮಿಸ್ಟರಿನಲ್ಲಿ 15 ಗಂಟೆಗಳ ಪಾಠ, ಅಥವಾ 30 ಗಂಟೆಗಳ ಪ್ರಯೋಗ. ಅಂದರೆ ಮೈನರ್ ಎಲ್ಲವೂ ಪಾಠವೇ ಆದರೆ 360 ಗಂಟೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 18ರಿಂದ 20 ಹೆಚ್ಚಿನ ಕ್ರೆಡಿಟ್‌ಗಳಿಂದ ಮೈನರ್ ಪದವಿ ಪಡೆಯುವ ಅವಕಾಶವಿದೆ.

ನಮ್ಮ ರಾಜ್ಯದ ವ್ಯವಸ್ಥೆ ಈಚೆಗೆ ಎರಡು ಸಲ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ ಅನುಸಾರವಾಗಿ ನಾಲ್ಕು ವರ್ಷದ ಕ್ರಮ ಬಂದಿತು. 2024-25ರಿಂದ ಮೂರು ವರ್ಷದ ಕ್ರಮಕ್ಕೆ ಮರಳಿದ್ದೇವೆ. ಆದುದರಿಂದ ಕಾಲೇಜಿನಲ್ಲಿ ಈ ವಿಷಯಕ್ಕೆ ಯಾವ ಹೆಸರಿದೆ ಎಂಬುದಕ್ಕಿಂತ, ಯಾವ ಪಾಠಗಳಿವೆ, ಎಷ್ಟು ಗಂಟೆ, ಪ್ರಯೋಗಾಲಯವಿದೆಯೆ, ಕಲಿಸುವವರಿದ್ದಾರೆಯೆ ಎಂದು ಪ್ರವೇಶಕ್ಕೆ ಮುಂಚೆ ವಿಚಾರಿಸುವುದು ಒಳ್ಳೆಯದು. ಕಾಲೇಜಿನಲ್ಲಿ ಅವಕಾಶವಿಲ್ಲದಿದ್ದರೂ ಬಾಗಿಲು ಮುಚ್ಚಿಲ್ಲ. ಕೇಂದ್ರ ಸರ್ಕಾರದ ಸ್ವಯಂ ಜಾಲದಲ್ಲಿ ಸಂಖ್ಯಾಶಾಸ್ತ್ರ ಮತ್ತು ದತ್ತಾಂಶ ವಿಜ್ಞಾನದ ಪಾಠಗಳು ಉಚಿತವಾಗಿವೆ. ಮದರಾಸಿನ ಐ.ಐ.ಟಿ. 2020ರಲ್ಲಿ ಈ ವಿಷಯದಲ್ಲಿ ದೂರದಿಂದಲೇ ಓದಬಹುದಾದ ಪದವಿಯನ್ನು ಆರಂಭಿಸಿತು. ಎರಡು ಪದವಿಗಳನ್ನು ಏಕಕಾಲದಲ್ಲಿ ಓದಲು ಆಯೋಗವು 2022ರಲ್ಲಿ ಅನುಮತಿ ಕೊಟ್ಟಿತು.

ಆ 360 ಗಂಟೆಗಳನ್ನು ಹೇಗೆ ಬಳಸಬೇಕು? ನನ್ನ ಅಭಿಪ್ರಾಯದಲ್ಲಿ ಮೂರರಲ್ಲೊಂದು ಭಾಗ ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರಕ್ಕೆ ಸಲ್ಲಬೇಕು. ಮೇಲಿನ ಗಣಿಯ ಲೆಕ್ಕ ಈ ಭಾಗದ್ದು. ಇನ್ನೊಂದು ಭಾಗ ಪೈಥಾನ್ ಅಥವಾ ಆರ್ ಎಂಬ ಗಣಕಭಾಷೆಗಳಲ್ಲಿ ಒಂದಕ್ಕೆ, ಎರಡೂ ಉಚಿತ. ಉಳಿದುದರಲ್ಲಿ ಮಾತೃಕೆಗಳ ಗಣಿತ, ಉದಾಹರಣೆಗಳಿಂದ ಯಂತ್ರ ಕಲಿಯುವ ವಿಧಾನಗಳು, ಜನರ ಖಾಸಗಿ ಮಾಹಿತಿಯನ್ನು ಕಾಪಾಡುವ ನೀತಿ ಮತ್ತು ತನ್ನ ಮೇಜರ್ ವಿಷಯದಿಂದಲೇ ಆಯ್ದ ಒಂದು ಸಣ್ಣ ಸಂಶೋಧನೆ. ಈ ಕೊನೆಯದನ್ನು ಬಿಟ್ಟರೆ ಉಳಿದುದು ಈಜನ್ನು ದಡದಲ್ಲಿ ಕಲಿತಂತೆ.

ದೊಡ್ಡವರ ದಾರಿ

ಒಂದು ವಿದ್ಯೆಯಲ್ಲಿ ನಿಂತು ಇನ್ನೊಂದಕ್ಕೆ ಕೈಚಾಚುವುದು ಕೀಳಾದ ದಾರಿಯಲ್ಲ. ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು. ಸಂಖ್ಯಾಶಾಸ್ತ್ರ ಅವರಿಗೆ ಎರಡನೆಯ ವಿದ್ಯೆ. ಭೌತವಿಜ್ಞಾನವನ್ನು ಕಲಿಸುತ್ತಲೇ 1931ರಲ್ಲಿ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು ಗಣಿತದಲ್ಲಿ ಪದವಿ ಪಡೆದು ಆ ಸಂಸ್ಥೆಯನ್ನು ಸೇರಿದರು. ಅವರು 1945ರಲ್ಲಿ ಬರೆದ ಪ್ರಬಂಧವೊಂದು ಇಂದಿಗೂ ಈ ಶಾಸ್ತ್ರದ ಅಡಿಗಲ್ಲುಗಳಲ್ಲಿ ಒಂದು. ಅನಂತರ ಕೇಂಬ್ರಿಜ್‌ಗೆ ಹೋದಾಗ ಅವರಿಗೆ ದೊರೆತ ಕೆಲಸ, ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಮನುಷ್ಯರ ಎಲುಬುಗಳ ಅಳತೆಗಳನ್ನು ವಿಶ್ಲೇಷಿಸುವುದು! ಎಲುಬುಗಳು ಕೇಳಿದ ಪ್ರಶ್ನೆಗಳಿಂದ ಸಂಖ್ಯಾಶಾಸ್ತ್ರದ ಹೊಸ ವಿಧಾನಗಳು ಹುಟ್ಟಿದುವು. 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ, ಅವರು ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನವನ್ನು ಪಡೆದರು. ಅದೇ ವರ್ಷ ತೀರಿಕೊಂಡರು.

ಹಾಗಾದರೆ ನನ್ನ ವಿದ್ಯಾರ್ಥಿನಿಗೆ ಏನು ಹೇಳಿದೆ? ಭೌತವಿಜ್ಞಾನದಲ್ಲಿ ಆಕೆಗೆ ನಿಜವಾದ ಆಸಕ್ತಿಯಿತ್ತು. ಆದುದರಿಂದ ಅದನ್ನು ಬಿಡಬೇಡ, ದತ್ತಾಂಶ ವಿಜ್ಞಾನವನ್ನು ಮೈನರಾಗಿ ಸೇರಿಸಿಕೋ ಎಂದೆ. ಯಾರಿಗೆ ಸಂಖ್ಯಾಶಾಸ್ತ್ರದಲ್ಲಿಯೇ ಮನಸ್ಸು ನೆಟ್ಟಿದೆಯೋ ಅವರು ಅದನ್ನೇ ಮೇಜರಾಗಿ ಓದಲಿ. ಇದರಿಂದ ಕೆಲಸ ಖಂಡಿತ ಎಂದು ನಾನು ಹೇಳಲಿಲ್ಲ; ಹಾಗೆ ಹೇಳುವವರನ್ನು ನಂಬಬಾರದು. ಗಣಕಯಂತ್ರಗಳೇ ಇಂದು ಕಾರ್ಯಕ್ರಮಗಳನ್ನು ಬರೆಯಬಲ್ಲವು. ಬರಿಯ ಕೈಚಳಕದ ಬೆಲೆ ನಾಳೆ ಇಳಿಯಬಹುದು. ಆದರೆ ಯಾವ ಪ್ರಶ್ನೆ ಕೇಳಬೇಕು, ಯಾವ ಉತ್ತರವನ್ನು ಶಂಕಿಸಬೇಕು ಎಂಬ ತಿಳಿವಿಗೆ ಬೆಲೆ ಇಳಿಯುವ ಭಯ ಕಡಿಮೆ. ಆಕೆಯ ತಂದೆಗೂ ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹೆಚ್ಚಿನ ಫೀಸು ಎಷ್ಟಾಗುತ್ತದೆ ಸಾರ್?” ಎಂದು ಕೇಳಿದರು. ಅದೂ ಕೇಳಬೇಕಾದ ಪ್ರಶ್ನೆಯೇ. ಉಚಿತವಾದ ಪಾಠಗಳ ಪಟ್ಟಿಯನ್ನು ಬರೆದುಕೊಟ್ಟೆ.

“ಎಲ್ಲಿಂದ ಪ್ರಾರಂಭಿಸಲಿ, ಸರ್?” ಎಂದಳು ಆಕೆ. ಗಣಕಯಂತ್ರ ಬೇಡ, ಮೊದಲು ಒಂದು ನೋಟುಪುಸ್ತಕ ತೆಗೆದುಕೊಳ್ಳಲು ಹೇಳಿದೆ. ಅವರ ಬೀದಿಯ ನಲ್ಲಿಯಲ್ಲಿ ಯಾವ ದಿನ, ಎಷ್ಟು ನಿಮಿಷ ನೀರು ಬರುತ್ತದೆಂದು ಮೂರು ತಿಂಗಳು ಬರೆಯಬೇಕು, ಆಮೇಲೆ ಲೆಕ್ಕ. ಎರಡು ವಾರದ ಮೇಲೆ ಆಕೆ ಪುಸ್ತಕದೊಡನೆ ಬಂದಳು. ಹಲವು ಸಾಲುಗಳಲ್ಲಿ ಸೊನ್ನೆಯಿತ್ತು. ಎರಡು ಸಾಲುಗಳು ಖಾಲಿಯಾಗಿದ್ದುವು. “ಆ ಎರಡು ದಿನ ನಾವು ಊರಿನಲ್ಲಿರಲಿಲ್ಲ, ಸರ್. ಅಲ್ಲಿಯೂ ಸೊನ್ನೆ ಬರೆಯಬಹುದಿತ್ತು. ಆದರೆ ನೋಡದೆ ಬರೆಯುವುದು ಸರಿಯಲ್ಲವೆಂದು ಬಿಟ್ಟಿದ್ದೇನೆ” ಎಂದಳು.

ನೋಡಿ ಬರೆದ ಸೊನ್ನೆ ಬೇರೆ, ನೋಡದೆ ಬಿಟ್ಟ ಖಾಲಿ ಬೇರೆ. ಗಣಿಯ ಆಳದಲ್ಲಿ ಎರಡು ತಿಂಗಳು ಕಾದವರು ಬರೆದದ್ದು ಮೊದಲನೆಯ ಬಗೆಯ ಸೊನ್ನೆ. ಆ ಭೇದವನ್ನು ಆಕೆ ತಾನಾಗಿಯೇ ಕಂಡುಕೊಂಡಿದ್ದಳು. ಪುಸ್ತಕವನ್ನು ಹಿಂದಿರುಗಿಸಿ, ಮುಂದಿನ ಪುಟಕ್ಕೆ ಗೆರೆ ಎಳೆಯಲು ಹೇಳಿದೆ.